ಅತ್ತೆಯ ಚಿಮಟ ಮತ್ತು ಹುಳ ತಿಂದ ಎಲೆ

ಅತ್ತೆ ಹೋಗಿ ಮೂರು ತಿಂಗಳಾಯಿತು. ಮಾತಾಡಿಸಲು ಬಂದವರು ಕಟ್ಟೆಯ ಮೇಲೆ ಕೂರುತ್ತಾರೆ, ಚಹಾ ಕುಡಿಯುತ್ತಾರೆ, ಒಂದೆರಡು ಒಳ್ಳೆಯ ಮಾತು ಹೇಳುತ್ತಾರೆ. ಏಳುವ ಮುಂಚೆ ಮಾತ್ರ ಒಮ್ಮೆ ತಮ್ಮ ಪಾದ ನೋಡಿಕೊಳ್ಳುತ್ತಾರೆ. ಬೇರೆಯವರು ಸತ್ತರೆ ಜನ ಅವರ ಮುಖ ನೆನೆಯುತ್ತಾರೆ. ನಮ್ಮ ಅತ್ತೆಯನ್ನು ಶಹಾಪುರದ ಈ ಓಣಿಯ ಹಳಬರು ತಮ್ಮ ಹಿಮ್ಮಡಿಯಲ್ಲಿ ನೆನೆಯುತ್ತಾರೆ.

ಮೊನ್ನೆ ಬಂದ ಮುದುಕರೊಬ್ಬರು ಚಪ್ಪಲಿ ಬಿಚ್ಚಿ ಕಾಲು ತೋರಿಸಿಯೇ ಬಿಟ್ಟರು. "ನೋಡವಾ ತಂಗಿ, ಈ ಕಲಿ ಇನ್ನೂ ಅದ. ನಿಮ್ಮ ಅತ್ತಿ ಮುಳ್ಳಿನ ಜೋಡಿ ಅರ್ಧ ಪಾದಾನೂ ತಗದಿದ್ದಳು."

"ಆವಾಗ ಬೈದಿದ್ರೇನ್ರಿ?" ಎಂದು ಕೇಳಿದೆ.

"ಬಯ್ಯಾಕ ಬಾಯಿ ಎಲ್ಲಿತ್ತು? ಒದರಾಕ ಬೇಕಾಗಿತ್ತಲ್ಲ!"

ಇಬ್ಬರೂ ನಕ್ಕೆವು. ಅತ್ತೆ ಹೋದ ಮೇಲೆ ನಾನು ಅಷ್ಟು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು. ಅವರು ಹೋದ ಮೇಲೆ ಒಳಗೆ ಹೋಗಿ ಗೂಟಕ್ಕೆ ತೂಗು ಹಾಕಿದ, ಮುಳ್ಳು ಕೀಳುವ ಚಿಮಟವನ್ನು ನೋಡಿದೆ. ಬೆರಳುದ್ದದ ಕಬ್ಬಿಣದ ಎರಡು ಕಾಲು, ಅದರ ಬಳೆಗೆ ಪೋಣಿಸಿದ ಒಂದು ದಪ್ಪ ಸೂಜಿ. ಇಷ್ಟೇ ಅದು. ಆದರೆ ಅತ್ತೆಯ ಮಟ್ಟಿಗೆ ಅದು ಸಂಸ್ಥಾನ. ಅದನ್ನು ಉಳಿಸಿಕೊಳ್ಳಲು ಅವರು ಏನೆಲ್ಲ ಮಾಡಿದರು ಎಂಬುದನ್ನು ಬಲ್ಲವರು ಈಗ ಉಳಿದದ್ದು ನಾನೊಬ್ಬಳೇ. ಬರೆದಿಡೋಣ ಎನಿಸಿತು. ಬರೆಯುವಷ್ಟು ಹೊತ್ತಾದರೂ ಅವರು ಕಟ್ಟೆಯ ಮೇಲೆ ಕೂತಿರುತ್ತಾರೆ.

ಆಗಿನ ಕಾಲದಲ್ಲಿ ಚಪ್ಪಲಿ ಎಂಬುದು ಮದುವೆಗೆ, ಕಚೇರಿಗೆ ಹೋಗುವಾಗ ಹಾಕುವ ವಸ್ತು. ಕುರಿ ಮೇಯಿಸುವವರು, ಹೊಲಕ್ಕೆ ಹೋಗುವವರು, ಸೌದೆ ತರುವವರು ಎಲ್ಲರೂ ಜಾಲಿಯ ಮುಳ್ಳು ತುಳಿದೇ ಬರುತ್ತಿದ್ದರು. ತನ್ನ ಪಾದದ ಮುಳ್ಳನ್ನು ತಾನೇ ತೆಗೆದುಕೊಳ್ಳುವುದು ಎಲ್ಲರಿಗೂ ಆಗುವ ಕೆಲಸವಲ್ಲ. ಹಾಗಾಗಿ ಓಣಿಗೊಬ್ಬ ಚಿಮಟದವಳು ಇರುತ್ತಿದ್ದಳು. ನಮ್ಮ ಓಣಿಗೆ ಅತ್ತೆ. ಅವರಿಗೆ ಅದು ಅವರ ಅತ್ತೆಯಿಂದ ಬಂದಿತ್ತು. ಸಂಜೆಯಾಯಿತೆಂದರೆ ಅವರು ಕಟ್ಟೆಯ ಮೇಲೆ ಕಾಲು ಮಡಚಿ ಕೂರುವರು, ಬಂದವರು ಮಣ್ಣು ಕೊಡವಿ ಪಾದವನ್ನು ಅವರ ತೊಡೆಯ ಮೇಲೆ ಇಡುವರು. ಅದಕ್ಕೆ ಕೂಲಿ ಇಲ್ಲ. ಒಂದು ಕಟ್ಟಳೆ ಮಾತ್ರ ಇತ್ತು.

"ಎಲ್ಲಿ ತುಳದಿ?" ಎಂದು ಅತ್ತೆ ಕೇಳುತ್ತಿದ್ದರು. ಅದಕ್ಕೆ ಖರೆ ಹೇಳಬೇಕು. ಸುಳ್ಳು ಹೇಳಿದರೆ ಮುಳ್ಳು ಒಳಗೇ ಮುರಿದು ಕೀವಾಗುತ್ತದೆ ಎಂಬ ನಂಬಿಕೆ. ಸೂಜಿ ಪಾದಕ್ಕೆ ತಾಗಿರುವಾಗ ಆ ನಂಬಿಕೆಯನ್ನು ಪರೀಕ್ಷೆ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ಯಾರು ಯಾರ ಹೊಲದ ಬದುವಿನಲ್ಲಿ ನಡೆದರು, ಯಾರು ಹೆಂಡತಿಗೆ ಹೇಳದೆ ವಡಗೇರಾಕ್ಕೆ ಹೋಗಿ ಬಂದರು, ಎಲ್ಲವೂ ಪಾದದ ಮೂಲಕ ಅತ್ತೆಯ ಕಿವಿಗೆ ಏರುತ್ತಿತ್ತು. ಊರಿಗೆ ಪತ್ರಿಕೆ ಬರುತ್ತಿರಲಿಲ್ಲ. ಬಂದಿದ್ದರೂ ನಮ್ಮ ಕಟ್ಟೆಗಿಂತ ಒಂದು ದಿನ ತಡವಾಗಿ ಬರುತ್ತಿತ್ತು.

ನಾನು ಮದುವೆಯಾಗಿ ಸುರಪುರದಿಂದ ಈ ಮನೆಗೆ ಬಂದದ್ದು ಪೊಲೀಸ್ ಆಕ್ಷನ್ ಆದ ಮರುವರ್ಷ ಇರಬೇಕು. ನಿಜಾಮರ ರಾಜ್ಯ ಹೋಗಿತ್ತು. ಅದರ ಜಾಗದಲ್ಲಿ ಏನು ಬಂದಿದೆ ಎಂಬುದು ಓಣಿಗೆ ಇನ್ನೂ ಪೂರ್ತಿ ತಿಳಿದಿರಲಿಲ್ಲ. ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂದಿತ್ತು. ಕಚೇರಿಯಲ್ಲಿ ಮಾತ್ರ ಇನ್ನೂ ಉರ್ದುವಿನಲ್ಲೇ ಬೈಯುತ್ತಿದ್ದರು. ಹೊಸ ರಾಜ್ಯದ ಸುದ್ದಿಯೂ ನಮ್ಮ ಕಟ್ಟೆಗೆ ಕಾಲಿನಿಂದಲೇ ಬಂತು. ಧಾರವಾಡದ ಕಡೆಯಿಂದ ಬಂದ ಹೊಸ ಮಾಸ್ತರರು ಬೂಟು ಹಾಕುತ್ತಿದ್ದರು, ಮುಳ್ಳಿನ ಮಾತು ಬಂದರೆ ನಗುತ್ತಿದ್ದರು. ಒಂದು ಬೆಳಗ್ಗೆ ಒಂದೇ ಬೂಟಿನಲ್ಲಿ ಕುಂಟುತ್ತ ಬಂದರು.

"ಎಲ್ಲಿ ತುಳದ್ರಿ ಮಾಸ್ತರ?"

"ಅದೆಲ್ಲ ಯಾಕ್ರೀ ಈಗ, ಮುಳ್ಳು ತಗೀರಿ."

"ಹೇಳದಿದ್ರ ಅದು ಒಳಗs ಮುರೀತದ. ನನಗೇನು, ಕಾಲು ನಿಮ್ಮದು."

ಮಾಸ್ತರರು ಆಚೆ ಈಚೆ ನೋಡಿ ದನಿ ಇಳಿಸಿದರು. ಬೆಳಗಿನ ಜಾವ ಚೊಂಬು ಹಿಡಿದು ಹಳ್ಳದ ಕಡೆ ಹೋಗಿದ್ದರಂತೆ. ಕೂತಿದ್ದಾಗ ನಮ್ಮ ಮಾವನ ಟಗರು ಹಿಂದಿನಿಂದ ಬಂತಂತೆ. ಒಂದು ಬೂಟು, ಚೊಂಬು ಎರಡೂ ಅಲ್ಲೇ ಉಳಿದವಂತೆ. ಅತ್ತೆ ಮುಖ ಬಿಗಿಹಿಡಿದು ಮುಳ್ಳು ತೆಗೆದರು. ಮಧ್ಯಾಹ್ನದ ಹೊತ್ತಿಗೆ ಆ ಟಗರಿಗೆ ಓಣಿಯವರು ಶಾಲೆಯ ಇನ್ಸ್‌ಪೆಕ್ಟರ್ ಸಾಹೇಬ ಎಂದು ಹೆಸರಿಟ್ಟಿದ್ದರು.

ಈಗ ನನ್ನ ಕಣ್ಣಿನ ಮಾತು. ಸುರಪುರದಲ್ಲಿ ಅಯ್ಯನವರೊಬ್ಬರ ಜಗಲಿಯ ಮೇಲೆ ಮೂರನೆಯ ಪುಸ್ತಕದವರೆಗೆ ಕನ್ನಡ ಕಲಿತಿದ್ದೆ. ಪುಸ್ತಕವನ್ನು ಮೂಗಿಗೆ ಹಚ್ಚಿ ಓದುತ್ತಿದ್ದೆ. ಅಯ್ಯನವರು ಅದನ್ನು ಭಕ್ತಿ ಎಂದು ತಿಳಿದಿದ್ದರು. ಬೇವಿನ ಮರವೆಂದರೆ ನನಗೆ ಕೆಳಗೊಂದು ಕಂಬ, ಮೇಲೊಂದು ಹಸಿರು ಹೊಗೆ. ಹತ್ತಿರ ಹೋದಾಗ ಮಾತ್ರ ಅದಕ್ಕೆ ಎಲೆ ಬರುತ್ತಿದ್ದವು. ಎಲ್ಲರ ಮರವೂ ಹೀಗೇ ಇರುತ್ತದೆ ಎಂದುಕೊಂಡವಳು ಯಾರಿಗೆ ಏನೆಂದು ದೂರು ಹೇಳಬೇಕು? ಶಹಾಪುರಕ್ಕೆ ಬಂದಾಗ ಎಲ್ಲರೂ ಗುಡ್ಡ ತೋರಿಸಿ, ನೋಡು, ಮನುಷ್ಯ ಮಲಗಿದ ಹಾಗಿಲ್ಲವೇ ಎಂದರು. ನನ್ನ ಪಾಲಿಗೆ ಅದು ಯಾರೋ ಒಣಗಲು ಹಾಕಿ ಮರೆತ ನೀಲಿ ಕಂಬಳಿ. ದೊಡ್ಡವರ ಮಾತಿಗೆ ಎದುರಾಡಬಾರದೆಂದು ಹೌದೆಂದೆ.

ಇದರಿಂದ ನನಗೆ ಬಂದ ಹೆಸರು ದಿಮಾಕಿನವಳು ಎಂದು. ಎದುರಿಗೆ ಬಂದವರನ್ನು ನಾನು ಮಾತಾಡಿಸುತ್ತಿರಲಿಲ್ಲ. ಅವರು ಮೈಮೇಲೆ ಬೀಳುವಷ್ಟು ಹತ್ತಿರ ಬಂದಾಗ ತಟ್ಟನೆ ನಗುತ್ತಿದ್ದೆ. ಅದು ಇನ್ನೂ ಕೆಟ್ಟದಾಗಿ ಕಾಣುತ್ತಿತ್ತು.

"ನಿನ್ನ ಸೊಸಿ ಸುರಪುರದ ರಾಣಿ ಏನವಾ? ನಾ ಕೈ ಎತ್ತಿ ಕರದ್ರೂ ಮಾರಿ ತಿರಿವಿ ಹೋದಳು," ಎಂದು ಒಬ್ಬಳು ಅತ್ತೆಗೆ ದೂರು ತಂದಳು.

ಅತ್ತೆಯ ಕಣ್ಣು ಇದಕ್ಕೆ ತದ್ವಿರುದ್ಧ. ಕಟ್ಟೆಯ ಮೇಲೆ ಕೂತು ಗುಡ್ಡದ ಬುಡದ ಧೂಳು ನೋಡಿ, ಬರುತ್ತಿರುವುದು ಯಾರ ಹಿಂಡು, ಮುಂದಿರುವ ಆಡು ಯಾವುದು, ಹಿಂದಿರುವ ಕುರಿಗಾರ ಯಾಕೆ ಸಿಟ್ಟಾಗಿದ್ದಾನೆ ಎಂದೆಲ್ಲ ಹೇಳುತ್ತಿದ್ದರು. ದೂರದಲ್ಲಿ ಹದ್ದಿನ ಕಣ್ಣು. ಆದರೆ ನಾನು ಬಂದ ವರ್ಷದಿಂದಲೇ ಹತ್ತಿರದ ಲೋಕ ಅವರ ಕೈಯಿಂದ ಜಾರತೊಡಗಿತ್ತು. ನಲವತ್ತು ದಾಟಿದ್ದರು ಅಷ್ಟೇ, ತಲೆಯಲ್ಲಿ ಒಂದು ಬಿಳಿ ಕೂದಲಿರಲಿಲ್ಲ.

ಮೊದಲು ಅವರು ಬೈದದ್ದು ಮುಳ್ಳನ್ನು. "ಮೊದಲಿನ ಮುಳ್ಳು ಹೆಂಗಿದ್ವು! ಗೂಟದಂಗ. ಈ ರಾಜ್ಯ ಬದಲಾದ ಮ್ಯಾಲ ಮುಳ್ಳಿಗೂ ಕಸುವಿಲ್ಲ, ಕೂದಲಿನಂಗ ಆಗ್ಯಾವ."

ಪಕ್ಕದ ಮನೆಯ ದರ್ಜಿ ಸಾಹೇಬರು ಪಾದ ಅವರ ತೊಡೆಯ ಮೇಲಿಟ್ಟುಕೊಂಡೇ ಹೌದೆಂದರು. "ಸಚ್ಚೀ ಬಾತ್ ಆಪಾ. ಸೂಜಿ ತೂತೂ ಸಣ್ಣದಾಗ್ಯಾವ. ದಾರಾನೇ ಹೋಗಾಂಗಿಲ್ಲ." ಸಾಹೇಬರಿಗೂ ನಲವತ್ತೈದರ ಆಸುಪಾಸು. ಇಬ್ಬರೂ ಕೂಡಿ ಹೊಸ ಸರಕಾರವನ್ನು ಬೈದು ಸಮಾಧಾನ ಮಾಡಿಕೊಂಡರು.

ಆಮೇಲೆ ಅತ್ತೆಗೆ ಒಂದು ಉಪಾಯ ಹೊಳೆಯಿತು. ದೂರ ಹಿಡಿದರೆ ಎಲ್ಲವೂ ಸ್ಪಷ್ಟವಾಗುತ್ತದೆ. ಅಕ್ಕಿಯ ಹರಳು, ಬಳೆಯ ಬಿರುಕು, ಯಾವುದನ್ನಾದರೂ ತೋಳು ಚಾಚಿ ಹಿಡಿದು ನೋಡಬಹುದು. ಆದರೆ ಪಾದ ಹಾಗಲ್ಲ. ಪಾದವನ್ನು ದೂರ ತಳ್ಳಿದರೆ ಅದರ ಹಿಂದೆ ಇಡೀ ಮನುಷ್ಯ ಹೋಗಬೇಕು. "ಹಿಂದ ಸರಿ, ಇನ್ನಾ ಹಿಂದ," ಎನ್ನುತ್ತ ಒಬ್ಬ ಕುರಿಗಾರನನ್ನು ಕಟ್ಟೆಯ ಆ ತುದಿಯವರೆಗೆ ಸರಿಸಿದರು. ಮುಳ್ಳು ಚೆನ್ನಾಗಿ ಕಂಡಿತು. ಚಿಮಟ ಹಿಡಿದ ಕೈ ಮುಟ್ಟಲಿಲ್ಲ. ಕೈ ಮುಟ್ಟುವಷ್ಟು ಹತ್ತಿರ ತಂದರೆ ಮುಳ್ಳು ಮಾಯ. ಕಣ್ಣು ಸಲ್ಲುವಲ್ಲಿ ಕೈ ಸಲ್ಲದು, ಕೈ ಸಲ್ಲುವಲ್ಲಿ ಕಣ್ಣು ಸಲ್ಲದು. ಕುರಿಗಾರ ಇನ್ನೊಂದು ಗೇಣು ಸರಿದು ಕಟ್ಟೆಯಿಂದ ಹಿಂದಕ್ಕೆ ಬಿದ್ದ. ಪಾದ ಮಾತ್ರ ಅತ್ತೆಯ ಕೈಯಲ್ಲಿ ಉಳಿಯಿತು.

ಓಣಿ ನಕ್ಕಿತು. ಅತ್ತೆಯೂ ನಕ್ಕರು. ಆದರೆ ಅಂದು ಸಂಜೆ ರೊಟ್ಟಿ ಬಡಿಯುವಾಗ ಅವರ ಕೈ ನಡುನಡುವೆ ನಿಲ್ಲುತ್ತಿತ್ತು. ಕಾರಣ ನನಗೆ ಗೊತ್ತಿತ್ತು. ಮೇಲಿನ ಓಣಿಯಲ್ಲಿ ಒಬ್ಬಳು ಯಾದಗಿರಿಯ ಸಂತೆಯಿಂದ ಹೊಳೆಯುವ ಹೊಸ ಚಿಮಟ ತಂದಿದ್ದಳು. ನಮ್ಮ ಓಣಿಯ ಪಾದಗಳು ಒಂದೊಂದಾಗಿ ಅತ್ತ ನಡೆದರೆ ಅತ್ತೆಗೆ ಉಳಿಯುವುದು ಬರಿಯ ಕಟ್ಟೆ. ಚಿಮಟ ಕೆಳಗಿಟ್ಟ ಹೆಂಗಸನ್ನು ಮುದುಕಿ ಎಂದು ಕರೆಯುತ್ತಾರೆ, ಸುದ್ದಿಯನ್ನು ಅವಳಿಗೆ ಯಾರೂ ತಂದು ಹೇಳುವುದಿಲ್ಲ, ಅವಳೇ ಹೋಗಿ ಕೇಳಬೇಕು.

ಇದಾದ ಕೆಲವೇ ದಿನಗಳಲ್ಲಿ ಅತ್ತೆ ಎಲೆಯ ವಿದ್ಯೆ ಕಂಡುಹಿಡಿದರು. ಎಲೆ ಅಡಿಕೆ ಹಾಕಿಕೊಳ್ಳಲು ಕೂತವರು ಹುಳ ತಿಂದ ಒಂದು ವೀಳ್ಯದೆಲೆಯನ್ನು ಎತ್ತಿ ಬೈಯಲೆಂದು ಕಣ್ಣಿನ ಹತ್ತಿರ ತಂದರು. ಎಲೆಯಲ್ಲಿ ಸಾಸಿವೆಯಷ್ಟು ತೂತು. ಆ ತೂತಿನಿಂದ ತಮ್ಮದೇ ಅಂಗೈ ಕಂಡಿತು, ಒಂದೊಂದು ಗೆರೆಯೂ ಕಂಡಿತು. ಎಲೆ ತೆಗೆದರೆ ಮಂಜು, ಹಿಡಿದರೆ ಗೆರೆ. ಅತ್ತೆ ಬಹಳ ಹೊತ್ತು ಹಾಗೆ ಎಲೆ ಹಿಡಿಯುತ್ತ ತೆಗೆಯುತ್ತ ಕೂತರು. ಅವರು ಭವಿಷ್ಯ ನೋಡಿಕೊಳ್ಳುತ್ತಿದ್ದಾರೆ ಎಂದು ನಾನು ತಿಳಿದೆ.

ಮಾರನೆಯ ದಿನ ಎಲೆ ಮಾರುವವನ ಹತ್ತಿರ ದೊಡ್ಡ ಜಗಳ.

"ಒಳ್ಳೇ ಎಲಿ ಯಾಕ ಕೊಡ್ತಿ ನನಗ? ಹುಳ ತಿಂದದ್ದು ಕೊಡು."

"ಅವ್ವಾ, ಊರೆಲ್ಲಾ ತೂತಿನ ಎಲಿ ಕೊಟ್ರ ಬೈತಾರ. ನೀ ಒಬ್ಬಾಕಿ ಬಂದೀ ನೋಡು!"

"ಇದರ ತೂತು ದೊಡ್ಡದಾತು. ಹುಳಕ್ಕ ಜರಾ ಕಮ್ಮಿ ತಿನ್ನು ಅಂತ ಹೇಳು."

ಅಂದಿನಿಂದ ಅತ್ತೆ ಮುಳ್ಳು ತೆಗೆಯುವಾಗ ಎಡಗೈಯಲ್ಲಿ ಎಲೆಯನ್ನು ಕಣ್ಣಿಗೆ ಹಚ್ಚಿಕೊಳ್ಳುವರು, ಬಲಗೈಯಲ್ಲಿ ಚಿಮಟ. ಕೇಳಿದವರಿಗೆ, "ಎಲಿ ತೂತಿನಾಗಿಂದ ನೋಡಿದ್ರ ಮುಳ್ಳು ಅಂಜಿ ತಾನs ಮ್ಯಾಲ ಬರ್ತದ," ಎಂದು ಗಂಭೀರವಾಗಿ ಹೇಳುವರು. ಮುಳ್ಳು ನಿಜಕ್ಕೂ ಬಂದವು. ಅದರ ಕೀರ್ತಿ ಎಷ್ಟು ಹಬ್ಬಿತೆಂದರೆ ಕಕ್ಕೇರಾದಿಂದ ಬಂದ ಬೀಗರೊಬ್ಬರು ಹುಳ ತಿಂದ ಎಲೆಯನ್ನು ಅರೆದು ಪಾದಕ್ಕೆ ಕಟ್ಟಿಕೊಂಡು ಹೋದರು. ದರ್ಜಿ ಸಾಹೇಬರು ಸೂಜಿ ಪೋಣಿಸಲು ಒಂದು ಎಲೆ ಕೇಳಿ ಒಯ್ದರು. ಆದರೆ ಒಂದು ಕೈ ಎಲೆಗೆ, ಒಂದು ಸೂಜಿಗೆ, ಒಂದು ದಾರಕ್ಕೆ ಎಂದು ಲೆಕ್ಕ ಹಾಕಿ, ಅಲ್ಲಾ ನನಗೆ ಮೂರನೆಯ ಕೈ ಕೊಡಲಿಲ್ಲ ಎನ್ನುತ್ತ ವಾಪಸು ತಂದುಕೊಟ್ಟರು.

ಆ ವಿದ್ಯೆಗೆ ಒಂದು ಕೊರತೆ ಇತ್ತು. ಸಾಸಿವೆಯಷ್ಟು ತೂತಿನಲ್ಲಿ ಬೆಳಕು ಎಷ್ಟು ನುಸುಳೀತು? ಸುಡುಬಿಸಿಲಿನಲ್ಲಿ ಎಲ್ಲ ಸರಿ. ಕುರಿಗಾರರು ಬರುವುದು ಸಂಜೆಗೆ. ಸಂಜೆಯ ಬೆಳಕಿನಲ್ಲಿ ಎಲೆಯ ಆಚೆ ಬರಿಯ ಕತ್ತಲೆ. ಅಂಥ ಒಂದು ಸಂಜೆ ನಮ್ಮ ಮಾವನೇ ಕುಂಟುತ್ತ ಬಂದರು. ಮುಳ್ಳು ಒಳಗೆ ಮುರಿದಿತ್ತು. ಕಟ್ಟೆಯ ಮೇಲೆ ಇನ್ನೂ ನಾಲ್ಕಾರು ಜನ ಕಾಯುತ್ತಿದ್ದರು. ಅತ್ತೆ ಎಲೆ ಬದಲಿಸಿ ನೋಡಿದರು, ಕಣ್ಣು ಬದಲಿಸಿ ನೋಡಿದರು. ಅವರ ಹಣೆಯ ಬೆವರು ಮಾವನ ಪಾದದ ಮೇಲೆ ಬಿತ್ತು.

ನಾನು ನೀರಿನ ತಂಬಿಗೆ ಇಡಲು ಬಗ್ಗಿದೆ. ಮಾವನ ಹಿಮ್ಮಡಿ ನನ್ನ ಮುಖದಿಂದ ಒಂದು ಗೇಣಿನಲ್ಲಿತ್ತು. ಮುಳ್ಳಿನ ಮುರಿದ ತುದಿ, ಅದರ ಸುತ್ತ ಕೆಂಪು ಉಂಗುರ, ಪಕ್ಕದಲ್ಲಿ ಸಿಕ್ಕಿಕೊಂಡ ಕುರಿಯ ಉಣ್ಣೆಯ ಒಂದು ಎಳೆ, ಎಲ್ಲವೂ ಕಂಡವು.

"ಅತ್ತಿ, ಇಲ್ಲೇ ಅದಲ್ರಿ," ಎಂದು ಪಿಸುಗುಟ್ಟಿದೆ.

"ಬಾಯಿ ಮುಚ್ಚು," ಎಂದು ಅತ್ತೆಯೂ ಪಿಸುಗುಟ್ಟಿದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ನಿಂತು ಏನ್ ನೋಡ್ತಿ? ಸೆರಗು ಮುಂದ ಜಗ್ಗಿ ಮಾವನ ಕಾಲು ಗಟ್ಟಿ ಹಿಡಿ!" ಎಂದರು.

ನಾನು ಬಗ್ಗಿದೆ. ನನ್ನ ಸೆರಗಿನ ಮರೆಯಲ್ಲಿ ತಣ್ಣಗಿನ ಕಬ್ಬಿಣ ನನ್ನ ಬೆರಳಿಗೆ ಬಂತು. ಸೂಜಿಯಿಂದ ಬಿಡಿಸಿದೆ, ಚಿಮಟದಿಂದ ಹಿಡಿದೆ, ಎಳೆದೆ. ಮುಳ್ಳು ಬಂದ ಕ್ಷಣಕ್ಕೆ ಅತ್ತೆ ಅದನ್ನು ಕಸಿದು ಎತ್ತಿ ಹಿಡಿದರು. "ಬಂತು ನೋಡ್ರಿ ಕಳ್ಳ!"

"ಭಲೇ!" ಎಂದಿತು ಕಟ್ಟೆ.

ಮಾರನೆಯ ದಿನ ಹಿತ್ತಲಲ್ಲಿ ಅತ್ತೆ ನನ್ನನ್ನು ನಿಲ್ಲಿಸಿ ಕೇಳಿದರು. "ಆ ಗ್ವಾಡಿ ಮ್ಯಾಲಿನ ಆಡಿಗೆ ಕೋಡು ಎಷ್ಟದಾವ?"

"ಯಾವ ಆಡು?"

"ಗ್ವಾಡಿ ಕಾಣತದೇನು?"

ನಾನು ಕಣ್ಣು ಕಿರಿದು ಮಾಡಿ ಒಂದು ಹೆಜ್ಜೆ ಮುಂದೆ ಹೋದೆ. ಅತ್ತೆ ಹಣೆ ಬಡಿದುಕೊಂಡರು. "ನಿಮ್ಮಪ್ಪಗ ಗೊತ್ತಿತ್ತೇನ ಇದು?"

"ನನಗs ಗೊತ್ತಿರಲಿಲ್ರಿ. ಎಲ್ಲಾರಿಗೂ ಹಿಂಗs ಅಂತ ತಿಳದಿದ್ದೆ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಬೈಯುತ್ತಾರೆ, ಗಾಡಿ ಕಟ್ಟಿಸಿ ಸುರಪುರಕ್ಕೆ ಕಳಿಸುತ್ತಾರೆ ಎಂದುಕೊಂಡೆ. ಅವರು ಸೆರಗು ಬಾಯಿಗೆ ಹಿಡಿದು ನಗತೊಡಗಿದರು. ಎಷ್ಟು ನಕ್ಕರೆಂದರೆ ಗೋಡೆಯ ಮೇಲಿನ ಆಡು ಹೆದರಿ ಕೆಳಗೆ ಹಾರಿತಂತೆ. ನನಗೆ ಸದ್ದು ಮಾತ್ರ ಕೇಳಿಸಿತು.

"ದಿಮಾಕಿನಾಕಿ ಅಂತಾರಲ್ಲ ನಿನಗ," ಎಂದರು ಕಣ್ಣೊರೆಸಿಕೊಳ್ಳುತ್ತ. "ಕುರುಡಿ ಅದಾಳಂತ ಒಬ್ಬರಿಗೂ ತಿಳೀಲಿಲ್ಲ. ನಡಿ, ಒಳಗ ನಡಿ."

ಅಂದಿನಿಂದ ನಮ್ಮ ವ್ಯವಹಾರ ಶುರುವಾಯಿತು. ಕಟ್ಟೆಯ ಮೇಲೆ ನಾನು ಸೆರಗು ಎಳೆದುಕೊಂಡು ಬಗ್ಗುತ್ತಿದ್ದೆ, ಅತ್ತೆ ಬಾಯಿ ಆಡಿಸುತ್ತಿದ್ದರು. ನೀರಿಗೆ ಹೋದಾಗ ಅವರು ಮೊಣಕೈಯಿಂದ ತಿವಿದು, "ಎಡಕ್ಕ ದರ್ಜಿ ಸಾಬನ ಹೆಂಡ್ತಿ, ನಗು," "ಎದುರಿಗೆ ಮಾಸ್ತರ, ಸೆರಗು ತಗೊ," "ಅದು ಮನಿಷ್ಯಾ ಅಲ್ಲ, ಕಂಬ, ಸುಮ್ಮಿರು," ಎಂದು ಹೇಳಿಕೊಡುತ್ತಿದ್ದರು. ಒಂದು ಸಲ ನಾನು ಕಂಬಕ್ಕೂ ನಮಸ್ಕಾರ ಮಾಡಿ ಆಗಿತ್ತು. ಕೆಲವೇ ತಿಂಗಳಲ್ಲಿ ಓಣಿಯ ಮಾತು ತಿರುಗಿತು. ಸುರಪುರದ ಹುಡುಗಿ ಎಷ್ಟು ವಿನಯದವಳು, ಬಂದವರ ಪಾದಕ್ಕೆ ಮೂಗು ತಾಗುವಷ್ಟು ಬಗ್ಗುತ್ತಾಳೆ ಎಂದರು.

ಹೀಗಿರುವಾಗ ಒಂದು ದಿನ ಮೇಲಿನ ಓಣಿಯ ಹೊಸ ಚಿಮಟದವಳು ನಮ್ಮ ಕಟ್ಟೆಗೆ ಬಂದಳು, ಹೆಬ್ಬೆರಳ ಮೇಲೆ ಕುಂಟುತ್ತ. ಹಿಮ್ಮಡಿಯಲ್ಲಿ ಮುಳ್ಳು. ಮಟಮಟ ಮಧ್ಯಾಹ್ನ, ಬೇರೆ ಯಾರೂ ಇರಲಿಲ್ಲ.

ಅತ್ತೆಯ ಮುಖ ಅರಳಿತು. "ಬಾರವಾ. ನಿನ್ನ ಚಿಮಟ ಏನಾತು? ಹೊಳಪು ಹೋತೇನ?"

"ನನ್ನ ಹಿಮ್ಮಡಕ್ಕ ನನ್ನ ಕೈ ಹೋಗಾಂಗಿಲ್ಲ. ನಗಬ್ಯಾಡ, ತಗಿ."

ಅತ್ತೆ ಬಿಸಿಲಿದ್ದರೂ ಎಲೆಗೆ ಕೈ ಹಾಕಲಿಲ್ಲ. ಅಷ್ಟು ದಿನದಲ್ಲಿ ನನ್ನ ಮೇಲೆ ಅವರಿಗೆ ಭರವಸೆ ಬಂದಿತ್ತು, ಸ್ವಲ್ಪ ಸೋಮಾರಿತನವೂ. ನಾನು ಎಂದಿನಂತೆ ಬಗ್ಗಿದೆ, ಚಿಮಟ ಕೈಗೆ ಬಂತು. ನಾವಿಬ್ಬರೂ ಒಂದು ಸಂಗತಿ ಮರೆತಿದ್ದೆವು. ಬೇರೆ ಗಿರಾಕಿಗಳು ನೋವಿಗೆ ಕಣ್ಣು ಮುಚ್ಚುತ್ತಿದ್ದರು, ಇಲ್ಲವೆ ಆಕಾಶ ನೋಡುತ್ತಿದ್ದರು. ಇವಳು ಕಸುಬಿನವಳು, ಕಣ್ಣು ಬಿಟ್ಟುಕೊಂಡು ಕೈಚಳಕ ಕಲಿಯಲು ಕೂತಿದ್ದಳು. ಅವಳಿಗೂ ಅತ್ತೆಯದೇ ವಯಸ್ಸು, ಹತ್ತಿರದ್ದು ಕಾಣದ ಕಣ್ಣು. ಆದರೆ ತನ್ನ ಪಾದ ತನ್ನ ಕಣ್ಣಿನಿಂದ ಒಂದು ಕಾಲಿನಷ್ಟು ದೂರದಲ್ಲಿರುತ್ತದೆ. ಅಷ್ಟು ದೂರದ್ದು ಅವಳಿಗೆ ಕನ್ನಡಿಯಂತೆ ಕಾಣುತ್ತಿತ್ತು.

"ತಗ್ಯಾಕತ್ತಾಕಿ ನಿನ್ನ ಸೊಸಿ ಅಲ್ಲೇನ?" ಎಂದಳು.

ನನ್ನ ಕೈ ನಿಂತಿತು. ಸೆರಗಿನೊಳಗೆ ನನಗೆ ಅತ್ತೆಯ ಮಡಚಿದ ಮೊಣಕಾಲು ಮಾತ್ರ ಕಾಣುತ್ತಿತ್ತು. ಅದು ಸಣ್ಣಗೆ ನಡುಗಿತು. ಇವಳು ಎದ್ದು ಹೋಗಿ ಒಂದು ಮಾತು ಹೇಳಿದರೆ ಸಾಕಿತ್ತು, ಸಂಜೆಯೊಳಗೆ ಕಟ್ಟೆ ಖಾಲಿ.

ಅತ್ತೆ ಅವಳ ಪಾದವನ್ನು ಗಟ್ಟಿಯಾಗಿ ಒತ್ತಿ ಹಿಡಿದರು. ಆಮೇಲೆ ಅವರು ಕೇಳಿದ್ದು ದಿನಾ ಕೇಳುತ್ತಿದ್ದುದನ್ನೇ.

"ಎಲ್ಲಿ ತುಳದಿ?"

"ಏನು?"

"ಮುಳ್ಳು ಎಲ್ಲಿ ತುಳದಿ? ಕಟ್ಟಳೆ ನಿನಗೂ ಗೊತ್ತದ. ಖರೇ ಹೇಳು. ಸೂಜಿ ಒಳಗದ."

 ಅವಳ ಪಾದದ ಬೆರಳುಗಳು ನನ್ನ ಕೈಯಲ್ಲಿ ಮಡಚಿಕೊಂಡವು. ಕಡೆಗೆ ಹೇಳಿದಳು. "ನಿಮ್ಮ ಹಿತ್ತಲ ಬೇಲ್ಯಾಗ."

"ನಮ್ಮ ಹಿತ್ತಲದಾಗ ನಿನ್ನ ಕೆಲಸೇನವಾ?"

"ಆ ಸುಡಗಾಡು ಎಲಿ ವಿದ್ಯಾ ಏನಂತ ನೋಡಾಕ ಬಂದಿದ್ದೆ. ನನಗೂ ಕಾಣವಲ್ದು. ಹೊಸಾ ಚಿಮಟ ತಂದು ಆರು ತಿಂಗಳಾತು, ಒಂದು ಮುಳ್ಳೂ ಬರೋಬ್ಬರಿ ತಗದಿಲ್ಲ. ಜನ ನನ್ನ ಹತ್ರ ಒಮ್ಮಿ ಬಂದ್ರ ಎರಡನೇ ಸಲ ಬರಂಗಿಲ್ಲ."

ಅತ್ತೆಯ ಮೊಣಕಾಲು ಮತ್ತೆ ಅಲುಗಿತು, ಈ ಸಲ ನಗುವಿಗೆ. ಮೇಲಿನಿಂದ ಇನ್ನೊಂದು ನಗುವೂ ಬಂತು. ಎರಡೂ ಕೂಡಿ ನನ್ನ ಕೈಯಲ್ಲಿದ್ದ ಪಾದ ಕುಣಿಯತೊಡಗಿದ್ದರಿಂದ, "ಜರಾ ಸುಮ್ಮಿರ್ರಿ, ಮುರೀತದ," ಎಂದು ನಾನೇ ಬೈಯಬೇಕಾಯಿತು. ಅವರಿಬ್ಬರಿಗೆ ಬೈದದ್ದು ಅದೇ ಮೊದಲು. ಇಬ್ಬರೂ ಸುಮ್ಮನಾದರು.

ಅವಳು ಯಾರಿಗೂ ಹೇಳಲಿಲ್ಲ. ಹೋಗುವಾಗ ಅತ್ತೆ ಅವಳಿಗೆ ಹುಳ ತಿಂದ ಎರಡು ಎಲೆ ಕೊಟ್ಟು, ಬಿಸಿಲಿದ್ದಾಗ ಮಾತ್ರ ಎಂದು ಹೇಳಿ ಕಳಿಸಿದರು. ಸಂಜೆಯ ಅವಳ ಗಿರಾಕಿಗಳು ನಮ್ಮ ಕಟ್ಟೆಗೇ ಬರುತ್ತಿದ್ದರು. ಅವರ ಜೊತೆ ಮೇಲಿನ ಓಣಿಯ ಸುದ್ದಿಯೂ ಬಂದು ಅತ್ತೆಯ ಸಂಸ್ಥಾನ ವಿಸ್ತಾರವಾಯಿತು.

ವರ್ಷಗಳು ಕಳೆದ ಮೇಲೆ ಮರೆ ತಾನಾಗಿಯೇ ಹೋಯಿತು. ನನಗೆ ಮಕ್ಕಳಾದವು, ಸೆರಗು ಹಿಂದೆ ಸರಿಯಿತು, ಚಿಮಟ ನನ್ನ ಸೊಂಟಕ್ಕೆ ಬಂತು. "ಎಲ್ಲಿ ತುಳದಿ" ಎಂದು ಕೇಳುವ ಹಕ್ಕನ್ನು ಮಾತ್ರ ಅತ್ತೆ ಬಿಟ್ಟುಕೊಡಲಿಲ್ಲ. ಯಾದಗಿರಿಯ ಕಣ್ಣಿನ ಡಾಕ್ಟರು ನನಗೆ ಚಷ್ಮ ಕೊಟ್ಟ ದಿನ, ಬಸ್ಸಿನ ಕಿಟಕಿಯಿಂದ ಮೊದಲ ಸಲ ನಮ್ಮ ಗುಡ್ಡ ನೋಡಿದೆ. ಹೌದು, ಮನುಷ್ಯ ಮಲಗಿದ್ದ. ಅಷ್ಟು ವರ್ಷ ಹೌದೆನ್ನುತ್ತ ಬಂದದ್ದು ಕಡೆಗೂ ನಿಜವಾಯಿತು.

ಅದೇ ಡಾಕ್ಟರು ಅತ್ತೆಯ ಕಣ್ಣಿನ ಸಂಗತಿಯನ್ನೂ ಬಿಡಿಸಿ ಹೇಳಿದ್ದರು. ಕಣ್ಣಿನೊಳಗೆ ಒಂದು ಮಸೂರ ಇದೆ, ಮೆತ್ತಗಿನದು. ದೂರ ನೋಡುವಾಗ ಚಪ್ಪಟೆಯಾಗುತ್ತದೆ, ಹತ್ತಿರ ನೋಡುವಾಗ ಸುತ್ತಲಿನ ಸ್ನಾಯು ಬಿಗಿದು ಅದು ಉಬ್ಬುತ್ತದೆ. ವಯಸ್ಸಾದಂತೆ ಅದು ಬಿರುಸಾಗುತ್ತದೆ, ಸ್ನಾಯು ಎಷ್ಟು ಹೆಣಗಿದರೂ ಉಬ್ಬುವುದಿಲ್ಲ. ನಾನು ಇದನ್ನು ಅತ್ತೆಗೆ ಹಿಟ್ಟಿನ ಭಾಷೆಯಲ್ಲಿ ಹೇಳಿದೆ.

"ಹಂಗಂದ್ರ," ಎಂದರು ಅತ್ತೆ, "ಹರೇದಾಗ ಬಿಸಿ ರೊಟ್ಟಿ, ಈಗ ಕಟಕ ರೊಟ್ಟಿ. ಮಡಚಾಕ ಬರಂಗಿಲ್ಲ, ಅಷ್ಟs ಅಲ್ಲೇನ?"

"ಅಷ್ಟೇರಿ."

"ಮತ್ತ ನಿನ್ನದು?"

"ನನ್ನ ಕಣ್ಣಿನ ಗುಡ್ಡೆ ಉದ್ದ ಅಂತ್ರಿ. ಹತ್ತಿರದ್ದಕ್ಕೆ ಅದು ಉಬ್ಬೋದು ಬೇಕಾಗಿಲ್ಲ."

"ಹುಟ್ಟುಸೋಮಾರಿ," ಎಂದರು.

ಅವರಿಗೆ ಚಷ್ಮ ತಂದುಕೊಟ್ಟೆವು, ಹಾಕಿಕೊಳ್ಳಲಿಲ್ಲ. ಹೀಗೆಯೇ ದಶಕಗಳು ಹೋದವು. ಕಳೆದ ವರ್ಷ ಒಂದು ಬೆಳಗ್ಗೆ ಒಳಗಿನಿಂದ ಕೂಗು ಕೇಳಿತು. ಓಡಿಹೋದೆ. ಅತ್ತೆ ಹಾಸಿಗೆಯ ಮೇಲೆ ಕೂತು ಅಂಗೈಯನ್ನು ಮುಖದ ಹತ್ತಿರ ಹಿಡಿದಿದ್ದರು. ಎಲೆ ಇರಲಿಲ್ಲ.

"ಗೆರಿ ಕಾಣಾಕತ್ಯಾವ! ಎಲ್ಲಾ ಗೆರಿ!"

ನಿಜ. ಅಕ್ಕಿಯ ಹರಳು, ಮೊಮ್ಮಗಳ ರವಿಕೆಯ ಹೊಲಿಗೆ, ಎಲ್ಲವೂ ಬರಿಗಣ್ಣಿಗೆ ಕಂಡವು. "ನಾ ಹೇಳಿರಲಿಲ್ಲೇನ, ದೋಷ ಮುಳ್ಳಿಂದs ಅಂತ," ಎಂದು ಓಣಿಗೆಲ್ಲ ಸಾರಿದರು. ಯಾದಗಿರಿಗೆ ಕರೆದುಕೊಂಡು ಹೋದೆ. ಅಲ್ಲಿನ ಹೊಸ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇದು ಪೊರೆ ಬರುತ್ತಿರುವ ಗುರುತು, ಮಸೂರದ ನಡುಭಾಗ ಗಟ್ಟಿಯಾಗುತ್ತ ದೂರದ್ದು ಮಂಕಾಗಿ ಹತ್ತಿರದ್ದು ಕೆಲ ಕಾಲ ಕಾಣುತ್ತದೆ, ಬಹಳ ದಿನ ಉಳಿಯುವುದಿಲ್ಲ ಎಂದರು. ನಾನು ಅತ್ತೆಗೆ ಹೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ಅವರೇ ಕೇಳಿದರು. "ಗುಡ್ಡ ಎಲ್ಲಿ ಹೋತು?"

"ಧೂಳು ಅದ್ರಿ ಇವತ್ತು," ಎಂದೆ.

"ಚಿಮಟ ಕೊಡು," ಎಂದರು ಮನೆಗೆ ಬಂದ ಕೂಡಲೇ. ಕೊಟ್ಟೆ. ಕಟ್ಟೆಯ ಮೇಲೆ ಕಾಲು ಮಡಚಿ ಕೂತು ದಾರಿ ಕಾದರು. ಎಲ್ಲರ ಕಾಲಲ್ಲೂ ಚಪ್ಪಲಿ. ಎರಡು ದಿನ ಕಾದರು, ಒಂದು ಪಾದವೂ ಬರಲಿಲ್ಲ. ಮೂರನೆಯ ದಿನ ನಾನು ಹಿತ್ತಲಿಗೆ ಹೋಗಿ, ಚಪ್ಪಲಿ ಬಿಚ್ಚಿ, ಜಾಲಿಯ ಗಿಡದ ಕೆಳಗೆ ನಡೆದೆ.

ಅವರು ನನ್ನ ಹಿಮ್ಮಡಿಯನ್ನು ತೊಡೆಯ ಮೇಲಿಟ್ಟುಕೊಂಡು ಬಗ್ಗಿದರು. ಬಿಳಿ ಕೂದಲು ನನ್ನ ಪಾದಕ್ಕೆ ತಾಗಿತು. ನೋಯುತ್ತಿತ್ತು, ನಾನು ಆಕಾಶ ನೋಡಿದೆ.

"ಎಲ್ಲಿ ತುಳದಿ?"

ಕಟ್ಟಳೆ ಕಟ್ಟಳೆಯೇ. "ನಮ್ಮ ಹಿತ್ತಲದಾಗ್ರಿ. ಬೇಕಂತ ತುಳದೀನಿ."

ಅತ್ತೆ ತಲೆ ಎತ್ತಲಿಲ್ಲ. "ಗೊತ್ತದ. ಯಾರಿಗೂ ಹೇಳಬ್ಯಾಡ," ಎಂದರು. ಆಮೇಲೆ ಮುಳ್ಳು ಬಂತು. ಅವರು ಅದನ್ನು ಎತ್ತಿ ಹಿಡಿದು ಓಣಿಗೆಲ್ಲ ಕೇಳುವಂತೆ ಕೂಗಿದರು. "ಬಂತು ನೋಡ್ರಿ ಕಳ್ಳ!"

ಅವರು ತೆಗೆದ ಕೊನೆಯ ಮುಳ್ಳು ಅದು. ಅವರು ಹೋದ ಮೂರನೆಯ ದಿನ ಸಮಾಧಿಗೆ ಹಾಲು ತುಪ್ಪ ಎರೆಯಲು ಎಲ್ಲರೂ ಬರಿಗಾಲಲ್ಲಿ ಹೋಗಿದ್ದೆವು. ಬರುವಾಗ ನನ್ನ ಮೊಮ್ಮಗಳು ಮುಳ್ಳು ತುಳಿದಳು. ಕಟ್ಟೆಯ ಮೇಲೆ ಕೂತು ಚಷ್ಮ ತೆಗೆದಿಟ್ಟು ಅವಳ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಮುಳ್ಳು ಚೆನ್ನಾಗಿ ಕಾಣುತ್ತಿತ್ತು, ಚಿಮಟ ಕೈಯಲ್ಲಿತ್ತು. ಆದರೆ ಕೈ ಮುಂದೆ ಹೋಗಲಿಲ್ಲ. ಪಕ್ಕದಿಂದ ಬರಬೇಕಾದ ಒಂದು ಮಾತಿಗಾಗಿ ನಾನು ಸುಮ್ಮನೆ ಕಾಯುತ್ತಿದ್ದೆ.

"ಅಜ್ಜಿ, ನೀ ಕೇಳಲಿಲ್ಲ ಅಂದ್ರ ಅದು ಒಳಗs ಮುರೀತದ," ಎಂದಳು ಮೊಮ್ಮಗಳು.

ಕೇಳಿದೆ. ಎಷ್ಟೋ ವರ್ಷ ಆ ಕಟ್ಟೆಯ ಮೇಲೆ ಮುಳ್ಳು ತೆಗೆದವಳು ನಾನು, ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲ ಸಲ. ದನಿ ಸ್ವಲ್ಪ ಕೀರಲಾಗಿ ಬಂತು.

"ಮುತ್ತಜ್ಜಿ ಸಮಾಧಿ ದಾರ್ಯಾಗ," ಎಂದಳು. ಮುಳ್ಳು ತೆಗೆದೆ.